ಗೀರು ಪರೀಕ್ಷೆ ಹಂತ ಹಂತವಾಗಿ: ಲೋಹ ಮತ್ತು ಪ್ಲಾಸ್ಟಿಕ್ ಗೀರನ್ನು ಓದುವುದು ಹೇಗೆ?

ಹಿತ್ತಾಳೆಯ ಒಂದು ತುಂಡು, ಪಾಲಿಕಾರ್ಬೊನೇಟಿನ ಒಂದು ತುಂಡು. ಎರಡರ ಮೇಲೂ ಒಂದೇ ವಜ್ರದ ಮೊನೆಯಿಂದ ಗೀರು ಎಳೆದೆ. ಮಧ್ಯಾಹ್ನ ಮೈಕ್ರೊಸ್ಕೋಪಿನಲ್ಲಿ ಅಳೆದು ಬರೆದಿಟ್ಟೆ. ಮರುದಿನ ಬೆಳಿಗ್ಗೆ ಯಾಕೋ ಅನುಮಾನ ಬಂದು ಮತ್ತೆ ಅಳೆದೆ. ಹಿತ್ತಾಳೆಯ ಗೀರು ಹಾಗೇ ಇತ್ತು. ಪಾಲಿಕಾರ್ಬೊನೇಟಿನದು ಅಗಲದಲ್ಲಿ ಸ್ವಲ್ಪ, ಆಳದಲ್ಲಿ ಇನ್ನೂ ಜಾಸ್ತಿ ಕಡಿಮೆಯಾಗಿತ್ತು. ಯಂತ್ರ ಕೆಟ್ಟಿರಲಿಲ್ಲ, ನನ್ನ ಕಣ್ಣೂ ತಪ್ಪಿರಲಿಲ್ಲ. ರಾತ್ರಿಯಿಡೀ ಆ ಪ್ಲಾಸ್ಟಿಕ್ ನಿಧಾನವಾಗಿ ತನ್ನ ಮೊದಲಿನ ಆಕಾರದ ಕಡೆಗೆ ವಾಪಸ್ ಬರುತ್ತಿತ್ತು.

ಆ ದಿನದಿಂದ ನಾನು ಸೂತ್ರಕ್ಕೆ ಸಂಖ್ಯೆ ಹಾಕುವ ಮೊದಲು ಗೀರನ್ನೇ ನೋಡುತ್ತೇನೆ. ಮೊನೆಯ ಕೆಳಗೆ ಆ ವಸ್ತು ಏನು ಮಾಡಿತು? ನೆಲ ಉತ್ತ ಹಾಗೆ ಪಕ್ಕಕ್ಕೆ ಸರಿಯಿತಾ, ಕತ್ತರಿಸಿ ಹೊರಬಂತಾ, ಬಿರುಕು ಬಿಟ್ಟಿತಾ, ಇಲ್ಲಾ ಮೊನೆ ದಾಟಿದ ಮೇಲೆ ಮತ್ತೆ ಎದ್ದು ನಿಂತಿತಾ? ಇದು ಗೊತ್ತಾಗದೆ ಬಂದ ಗಡಸುತನದ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಈ ಮಾರ್ಗದರ್ಶಿಯ ಹಂತಗಳೆಲ್ಲ ಆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಪಡೆಯುವುದಕ್ಕೇ ಇವೆ.

ಮೊದಲು, ನಿಮಗೆ ಬೇಕಿರುವುದು ಏನು?

ಗೀರಿ ನೋಡಿ ಗಡಸುತನ ಹೇಳುವ ಪದ್ಧತಿ ಹಳೆಯದು. 1812ರಲ್ಲಿ ಫ್ರೆಡ್ರಿಕ್ ಮೋಸ್ ಖನಿಜಗಳನ್ನು ಟಾಲ್ಕ್‌ನಿಂದ ವಜ್ರದವರೆಗೆ 1ರಿಂದ 10ರ ಸಾಲಿನಲ್ಲಿ ನಿಲ್ಲಿಸಿದ. ಯಾವುದು ಯಾವುದನ್ನು ಗೀರುತ್ತದೆ ಎಂದು ಆ ಸಾಲು ಹೇಳುತ್ತದೆ, ಎಷ್ಟು ಪಟ್ಟು ಗಡಸು ಎಂದು ಹೇಳುವುದಿಲ್ಲ. ಇವತ್ತಿನ ಯಂತ್ರಗಳು ಭಾರ, ಎಳೆಯುವ ಬಲ, ಆಳ ಮೂರನ್ನೂ ಒಟ್ಟಿಗೆ ದಾಖಲಿಸುತ್ತವೆ. ಹಾಗಾಗಿ ಒಂದೇ ಗೀರಿನಿಂದ ಬೇರೆ ಬೇರೆ ಉತ್ತರ ತೆಗೆಯಬಹುದು.

ಲೋಹದ ಗೀರು ಗಡಸುತನ ಬೇಕಿದ್ದರೆ ಸ್ಥಿರ ಭಾರದಲ್ಲಿ ಗೀರು ಎಳೆದು ಅಗಲ ಅಳೆಯಬೇಕು. ಇದಕ್ಕೆ ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಜಿ171 ಎಂಬ ಮಾನದಂಡ ಇದೆ. ಪ್ಲಾಸ್ಟಿಕ್ ಯಾವ ಭಾರಕ್ಕೆ ಬೆಳ್ಳಗಾಗುತ್ತದೆ, ಯಾವ ಭಾರಕ್ಕೆ ಹರಿದು ಸೀಳುತ್ತದೆ ಎಂದು ತಿಳಿಯಬೇಕಿದ್ದರೆ ಭಾರ ಏರಿಸುತ್ತಾ ಹೋಗುವ ಗೀರು ಬೇಕು. ಅದಕ್ಕೆ ಎಎಸ್‌ಟಿಎಂ ಡಿ7027 ಮತ್ತು ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 19252 ಇವೆ. ಲೇಪನ ಎಷ್ಟು ಗಟ್ಟಿಯಾಗಿ ಅಂಟಿದೆ ಎಂಬ ಪ್ರಶ್ನೆಗೂ ಏರುವ ಭಾರವೇ ಬೇಕು, ಆದರೆ ಅದರ ಲೆಕ್ಕ ಬೇರೆ. ಈ ಬರಹದಲ್ಲಿ ಲೇಪನಕ್ಕೆ ಕೈ ಹಾಕುವುದಿಲ್ಲ.

ಮೊನೆ ಆರಿಸಿ, ಮೊನೆ ಪರೀಕ್ಷಿಸಿ

ಲೋಹಕ್ಕೆ ಸಾಮಾನ್ಯವಾಗಿ ಬಳಸುವುದು ರಾಕ್‌ವೆಲ್ ಸಿ ಎಂಬ ಗಡಸುತನ ಪರೀಕ್ಷೆಯ ಆಕಾರದ ವಜ್ರ. ಶಂಕುವಿನ ಪೂರ್ತಿ ಕೋನ 120 ಡಿಗ್ರಿ, ತುದಿಯ ದುಂಡಿನ ತ್ರಿಜ್ಯ 200 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ). ಇದನ್ನು ಶಂಕು ಎಂದು ಕರೆದರೂ, ಸಣ್ಣ ಗೀರಿನಲ್ಲಿ ಕೆಲಸ ಮಾಡುವುದು ದುಂಡು ತುದಿ ಮಾತ್ರ. ಲೆಕ್ಕ ಹಾಕಿದರೆ ಸುಮಾರು 27 ಮೈಕ್ರಾನ್ ಆಳದವರೆಗೆ, ಅಂದರೆ 200 ಮೈಕ್ರಾನ್ ಅಗಲದವರೆಗೆ, ವಸ್ತುವಿಗೆ ತಾಗುವುದು ಗೋಳದ ಭಾಗವೇ. ಇದು ಸಣ್ಣ ವಿಷಯ ಅಲ್ಲ. ಗೋಳ ಆಳಕ್ಕೆ ಇಳಿದಷ್ಟೂ ವಸ್ತುವನ್ನು ಹೆಚ್ಚು ಹಿಗ್ಗಿಸಿ ಕುಗ್ಗಿಸುತ್ತದೆ. ಗಡಸುತನದ ಬಗ್ಗೆ ಕೆಲಸ ಮಾಡಿದ ವಿಜ್ಞಾನಿ ಟೇಬರ್ ಕೊಟ್ಟ ಸರಳ ಅಂದಾಜಿನಂತೆ ಈ ಹಿಗ್ಗು-ಕುಗ್ಗಿನ ಪ್ರಮಾಣ, ಅಂದರೆ ವಿಕೃತಿ, ಗುರುತಿನ ಅರ್ಧ ಅಗಲವನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವುದರ 0.2 ಪಟ್ಟು. 100 ಮೈಕ್ರಾನ್ ಅಗಲದ ಗುರುತಿಗೆ 5%, 200 ಮೈಕ್ರಾನ್‌ಗೆ 10%. ಆ ಅಂದಾಜು ಒತ್ತಿದ ಗುರುತಿಗೆ ಕೊಟ್ಟದ್ದು, ಗೀರಿನಲ್ಲಿ ವಿಕೃತಿ ಇನ್ನೂ ಜಾಸ್ತಿಯೇ. ಆದರೂ ಅಗಲದ ಜೊತೆ ಅದು ಏರುವ ರೀತಿ ಇದರಿಂದ ಗೊತ್ತಾಗುತ್ತದೆ. ಕಾಯಿಸಿ ಹದ ಮಾಡಿದ ಮೃದು ತಾಮ್ರದಂತೆ ಒತ್ತಿದಷ್ಟೂ ಗಟ್ಟಿಯಾಗುವ ಲೋಹದಲ್ಲಿ ಭಾರ ಬದಲಾದರೆ ಗಡಸುತನವೂ ಬದಲಾದಂತೆ ಕಾಣುವುದು ಇದಕ್ಕೇ. ಎರಡು ಲೋಹ ಹೋಲಿಸುವಾಗ ಭಾರ ಒಂದೇ ಇರಲಿ, ಸಾಧ್ಯವಾದರೆ ಅಗಲವೂ ಹತ್ತಿರ ಹತ್ತಿರ ಇರಲಿ.

ಪ್ಲಾಸ್ಟಿಕ್‌ಗೆ ಐಎಸ್‌ಒ 19252 ಹೇಳುವುದು 1 ಮಿಲಿಮೀಟರ್ ವ್ಯಾಸದ ಗುಂಡು ಮೊನೆ. ಚೂಪು ಮೊನೆ ಹಾಕಿದರೆ ಬಹಳಷ್ಟು ಪ್ಲಾಸ್ಟಿಕ್ ನೇರ ಕತ್ತರಿಸಿಕೊಂಡು ಬರುತ್ತದೆ. ಬೆಳ್ಳಗಾಗುವ ಹಂತ, ಮೀನಿನ ಹುರುಪೆಯಂಥ ಗುರುತು ಮೂಡುವ ಹಂತ ಯಾವುದೂ ಸಿಗುವುದಿಲ್ಲ.

ಪ್ರತಿ ಸರಣಿಗೂ ಮೊದಲು ಮೊನೆಯನ್ನು ಮೈಕ್ರೊಸ್ಕೋಪಿನಲ್ಲಿ ನೋಡಿ. ಎಥನಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಮತ್ತೆ ನೋಡಿ. ಹಿಂದಿನ ಗೀರಿನ ಲೋಹದ ಒಂದು ಚಿಕ್ಕ ಚೂರು ಅಂಟಿಕೊಂಡಿದ್ದರೂ ಮುಂದಿನ ಗೀರಿನ ತಳದಲ್ಲಿ ಉದ್ದಕ್ಕೂ ಒಂದು ತೆಳು ಗೆರೆ ಕಾಣುತ್ತದೆ. ಆ ಗೆರೆ ಎಲ್ಲಾ ಗೀರಿನಲ್ಲೂ ಒಂದೇ ಜಾಗದಲ್ಲಿ ಬರುತ್ತಿದ್ದರೆ ಅದು ವಸ್ತುವಿನ ಗುಣ ಅಲ್ಲ, ಮೊನೆಯ ದೋಷ. ಒರೆಸಿದರೂ ಹೋಗದಿದ್ದರೆ ವಜ್ರದ ಅಂಚು ಒಡೆದಿದೆ, ಮೊನೆ ಬದಲಿಸಿ. ಗಡಸುತನ ಗೊತ್ತಿರುವ ಒಂದು ತುಂಡನ್ನು ಪಕ್ಕದಲ್ಲಿ ಇಟ್ಟುಕೊಂಡು ಆಗಾಗ ಅದರ ಮೇಲೆ ಒಂದು ಗೀರು ಎಳೆದು ನೋಡುವುದು ಒಳ್ಳೆಯ ಅಭ್ಯಾಸ.

ಸ್ಯಾಂಪಲ್ ತಯಾರಿ: ಇಲ್ಲಿ ಆತುರ ಬೇಡ

ಲೋಹವನ್ನು ಸಿಲಿಕಾನ್ ಕಾರ್ಬೈಡ್ ಕಾಗದದಲ್ಲಿ 240, 400, 600, 800, 1200 ಹೀಗೆ ನಯದ ಕಡೆಗೆ ಉಜ್ಜಿ. ಪ್ರತಿ ಕಾಗದ ಬದಲಿಸುವಾಗ ತುಂಡನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೆರೆಗಳು ಪೂರ್ತಿ ಹೋಗುವ ತನಕ ಮುಂದೆ ಹೋಗಬೇಡಿ. ಆಮೇಲೆ 6, 3, 1 ಮೈಕ್ರಾನ್ ವಜ್ರದ ಪೇಸ್ಟ್. ಕನ್ನಡಿಯಂತೆ ಹೊಳೆದರೆ ಸಾಕು ಎಂದುಕೊಳ್ಳಬೇಡಿ. ಒರಟು ಕಾಗದ ಲೋಹದ ಮೇಲ್ಪದರವನ್ನು ಗಟ್ಟಿ ಮಾಡಿರುತ್ತದೆ. ಆ ಪದರ ಹೋಗದೆ ಉಳಿದರೆ ಮೇಲೆ ಹೊಳಪಿದ್ದರೂ ಕಡಿಮೆ ಭಾರದ ಗೀರುಗಳು ಸುಳ್ಳು ಗಡಸುತನ ತೋರಿಸುತ್ತವೆ. ಕಡಿಮೆ ಭಾರದಲ್ಲಿ ಗಡಸುತನ ಜಾಸ್ತಿ, ಹೆಚ್ಚಿನ ಭಾರದಲ್ಲಿ ಕಡಿಮೆ ಬರುತ್ತಿದ್ದರೆ ನಾನು ಮೊದಲು ಅನುಮಾನಪಡುವುದು ಉಜ್ಜಿದ ಕೆಲಸವನ್ನೇ. ಕೊನೆಗೆ ಅಸಿಟೋನ್, ಆಮೇಲೆ ಎಥನಾಲ್‌ನಿಂದ ತೊಳೆದು ಗಾಳಿಯಲ್ಲಿ ಒಣಗಿಸಿ.

ಲೋಹದೊಳಗಿನ ಹರಳುಗಳ, ಅಂದರೆ ಕಣಗಳ, ಗಾತ್ರವನ್ನೂ ಒಮ್ಮೆ ಗಮನಿಸಿ. ಗೀರಿನ ಅಗಲ ಒಂದೆರಡು ಕಣದಷ್ಟೇ ಇದ್ದರೆ ಗೀರಿನ ಅಂಚು ಅಲೆಯಂತೆ ಹಿಗ್ಗಿ ಕುಗ್ಗುತ್ತದೆ. ಆಗ ನೀವು ಅಳೆಯುತ್ತಿರುವುದು ಬಿಡಿ ಕಣಗಳನ್ನು, ಲೋಹವನ್ನಲ್ಲ. ಭಾರ ಹೆಚ್ಚಿಸಿ, ಹಲವು ಕಣ ದಾಟುವಷ್ಟು ಅಗಲದ ಗೀರು ಎಳೆಯಿರಿ.

ಪ್ಲಾಸ್ಟಿಕ್‌ಗೆ ಇದೇ ದಾರಿ ಹಿಡಿಯಬೇಡಿ. ಅಸಿಟೋನ್ ಅಂತೂ ಬೇಡವೇ ಬೇಡ. ಪಾಲಿಕಾರ್ಬೊನೇಟ್, ಅಕ್ರಿಲಿಕ್, ಎಬಿಎಸ್ ಮೂರನ್ನೂ ಅದು ಹಾಳು ಮಾಡುತ್ತದೆ. ಅಚ್ಚಿನಿಂದ ಬಂದ ಮೇಲ್ಮೈಯನ್ನು ಉಜ್ಜದೆ ಹಾಗೇ ಬಳಸಿ, ಯಾಕೆಂದರೆ ಬಳಕೆಯಲ್ಲಿ ಗೀರು ಬೀಳುವುದು ಅದರ ಮೇಲೆಯೇ ಅಲ್ವಾ? ಸ್ವಲ್ಪ ಸೋಪು ನೀರಿನಲ್ಲಿ ತೊಳೆದು, ಬರಿ ನೀರಿನಲ್ಲಿ ಜಾಲಿಸಿ, ಮೆತ್ತನೆ ಬಟ್ಟೆ ಒತ್ತಿ ನೀರು ತೆಗೆಯಿರಿ. ಉಜ್ಜಿ ಒರೆಸಬೇಡಿ. ಒಂದು ಎಚ್ಚರಿಕೆ: ಕೆಲವು ಪ್ಲಾಸ್ಟಿಕ್‌ಗಳಿಗೆ ಜಾರುವಂತೆ ಮಾಡುವ ಎಣ್ಣೆಯಂಥ ಅಂಶ ಸೇರಿಸಿರುತ್ತಾರೆ, ಅದು ನಿಧಾನವಾಗಿ ಮೇಲ್ಮೈಗೆ ಬಂದು ನಿಲ್ಲುತ್ತದೆ. ಅದನ್ನು ತೊಳೆದುಬಿಟ್ಟರೆ ಪರೀಕ್ಷೆಯ ಫಲಿತಾಂಶವೇ ಬದಲಾಗುತ್ತದೆ. ಅಂಥ ವಸ್ತುವನ್ನು ತೊಳೆದೂ ತೊಳೆಯದೆಯೂ ಎರಡು ಬಗೆಯಲ್ಲಿ ಪರೀಕ್ಷಿಸಿ.

ಆಮೇಲೆ ಪ್ಲಾಸ್ಟಿಕ್ ತುಂಡನ್ನು 23 ಡಿಗ್ರಿ ಸೆಲ್ಸಿಯಸ್, 50% ತೇವಾಂಶದಲ್ಲಿ ದಿನಗಟ್ಟಲೆ ಬಿಡಬೇಕು. ನೈಲಾನ್ ವಿಷಯದಲ್ಲಿ ಇದನ್ನು ಬಿಟ್ಟುಬಿಡುವ ಹಾಗೇ ಇಲ್ಲ. ನೈಲಾನ್ ಗಾಳಿಯ ನೀರಿನಂಶ ಹೀರಿ ಮೆತ್ತಗಾಗುತ್ತದೆ. ಒಣಗಿಸುವ ಒಲೆಯಿಂದ ತೆಗೆದ ನೈಲಾನ್, ವಾರಗಟ್ಟಲೆ ಹೊರಗಿದ್ದ ನೈಲಾನ್ ಎರಡೂ ಗೀರಿನಲ್ಲಿ ಬೇರೆ ಬೇರೆ ವಸ್ತುಗಳಂತೆ ವರ್ತಿಸುತ್ತವೆ.

ಸುತ್ತಿಗೆ ಅಥವಾ ರೋಲರ್ ಕೆಳಗೆ ಹೋದ ಲೋಹಕ್ಕೂ, ಅಚ್ಚಿನಲ್ಲಿ ಹರಿದು ಬಂದ ಪ್ಲಾಸ್ಟಿಕ್‌ಗೂ ಒಂದು ದಿಕ್ಕಿರುತ್ತದೆ. ಆ ದಿಕ್ಕನ್ನು ತುಂಡಿನ ಹಿಂಬದಿ ಬಾಣದ ಗುರುತಿನಿಂದ ಬರೆದಿಡಿ.

ಕೂರಿಸಿ, ಮಟ್ಟ ಮಾಡಿ

ತುಂಡು ಅಲುಗಬಾರದು. ತೆಳು ಪ್ಲಾಸ್ಟಿಕ್ ಹಾಳೆಯಾದರೆ ಕೆಳಗೆ ಗಾಳಿಯ ಗುಳ್ಳೆ ಇರಬಾರದು, ಇದ್ದರೆ ಹಾಳೆ ಬಾಗಿದ್ದನ್ನೇ ಯಂತ್ರ ಆಳ ಎಂದು ಓದುತ್ತದೆ. ಗೀರಿನ ಆಳ ಹಾಳೆಯ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. ಗೀರಿನಿಂದ ಗೀರಿಗೆ ಕನಿಷ್ಠ ಐದು ಗೀರಿನ ಅಗಲದಷ್ಟು ಜಾಗ ಬಿಡಿ. ಅಂಚಿನಿಂದಲೂ ದೂರ ಇರಿ.

ಮೊದಲ ಗೀರು: ಭಾರ ಏರಿಸುತ್ತಾ

ವಸ್ತು ಹೊಸದಾಗಿದ್ದರೆ ಯಾವ ಭಾರ ಹಾಕಬೇಕು ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೆ ಮೊದಲ ಗೀರು ಸೊನ್ನೆಯ ಹತ್ತಿರದಿಂದ ಶುರುವಾಗಿ ಒಂದೇ ಸಮನೆ ಏರುವ ಭಾರದಲ್ಲಿ ಇರಲಿ. ಆ ಒಂದು ಗೀರು ನಿಮಗೆ ನಕ್ಷೆ ಇದ್ದ ಹಾಗೆ. ಎಲ್ಲಿ ಗುರುತು ಮೊದಲು ಕಂಡಿತು, ಎಲ್ಲಿ ಗೀರಿನ ಪಕ್ಕದಲ್ಲಿ ಬದು ಎದ್ದಿತು, ಎಲ್ಲಿ ಬಿರುಕು ಬಂತು ಎಂಬುದನ್ನೆಲ್ಲಾ ಗೀರಿನ ಉದ್ದದ ಮೇಲೆ ಗುರುತಿಸಬಹುದು. ಶುರುವಿನಿಂದ ಆ ಜಾಗದವರೆಗಿನ ದೂರವನ್ನು ಪ್ರತಿ ಮಿಲಿಮೀಟರ್‌ಗೆ ಏರಿದ ಭಾರದಿಂದ ಗುಣಿಸಿ, ಶುರುವಿನ ಭಾರ ಕೂಡಿಸಿ. ಅದೇ ಆ ಘಟನೆಯ ನಿರ್ಣಾಯಕ ಭಾರ. 5 ಮಿಲಿಮೀಟರ್ ಗೀರಿನಲ್ಲಿ 1ರಿಂದ 51 ನ್ಯೂಟನ್ ಏರಿಸಿದ್ದರೆ ಮಿಲಿಮೀಟರ್‌ಗೆ 10 ನ್ಯೂಟನ್. ಬಿರುಕು 1.8 ಮಿಲಿಮೀಟರ್‌ನಲ್ಲಿ ಶುರುವಾಗಿದ್ದರೆ 19 ನ್ಯೂಟನ್.

ಒಂದೇ ಗೀರು ನೋಡಿ ತೀರ್ಮಾನ ಮಾಡಬೇಡಿ. ಕನಿಷ್ಠ ಮೂರು, ಸಾಧ್ಯವಾದರೆ ಐದು ಎಳೆಯಿರಿ.

ಸ್ಥಿರ ಭಾರದ ಗೀರು, ಅಗಲದ ಅಳತೆ

ಈಗ ಆ ನಕ್ಷೆ ನೋಡಿ, ಬಿರುಕು ಬರುವುದಕ್ಕೆ ಸಾಕಷ್ಟು ಮೊದಲೇ ನಿಲ್ಲುವ ಒಂದು ಭಾರ ಆರಿಸಿ. ಲೋಹಕ್ಕೆ ಕನಿಷ್ಠ 5 ಮಿಲಿಮೀಟರ್ ಉದ್ದದ ಗೀರು ಎಳೆಯಿರಿ. ವೇಗ ಸೆಕೆಂಡಿಗೆ 0.2ರಿಂದ 5 ಮಿಲಿಮೀಟರ್ ಒಳಗಿರಲಿ. ಶುರುವಿನ ಮತ್ತು ಕೊನೆಯ ಭಾಗ ಬಿಟ್ಟು ಮಧ್ಯದಲ್ಲಿ ಮೂರು ಕಡೆ ಅಗಲ ಅಳೆಯಿರಿ.

ಲೋಹಕ್ಕೆ ಸೂತ್ರ ಹೀಗೆ:

ಗೀರು ಗಡಸುತನ = (8 × ಭಾರ) ÷ (3.1416 × ಅಗಲ × ಅಗಲ)

ಆ 8 ಎಲ್ಲಿಂದ ಬಂತು? ಮೊನೆ ಮುಂದಕ್ಕೆ ಹೋಗುವಾಗ ಅದರ ಹಿಂದಿನ ಅರ್ಧ ಲೋಹವನ್ನು ಮುಟ್ಟುವುದಿಲ್ಲ, ಲೋಹ ಆಗಲೇ ಕೆಳಗೆ ಕೂತುಬಿಟ್ಟಿರುತ್ತದೆ. ಭಾರ ಹೊರುವುದು ಮುಂದಿನ ಅರ್ಧವೃತ್ತ ಮಾತ್ರ. ಪೂರ್ತಿ ವೃತ್ತಕ್ಕೆ 4 ಬರುತ್ತಿತ್ತು, ಅರ್ಧಕ್ಕೆ 8.

10 ನ್ಯೂಟನ್ ಭಾರ, 100 ಮೈಕ್ರಾನ್ ಅಗಲ ಇದ್ದರೆ ಉತ್ತರ 2.55 ಗಿಗಾಪಾಸ್ಕಲ್. ಅದೇ ಗೀರನ್ನು ಯಾರಾದರೂ 105 ಎಂದು ಓದಿದರೆ 2.31. 95 ಎಂದು ಓದಿದರೆ 2.82. ಬರೀ 5 ಮೈಕ್ರಾನ್ ಹೆಚ್ಚುಕಮ್ಮಿಗೆ ಉತ್ತರ ಸುಮಾರು 10% ಅತ್ತಿತ್ತ ಆಗುತ್ತದೆ, ಯಾಕೆಂದರೆ ಅಗಲ ವರ್ಗವಾಗಿ ಕೂತಿದೆ.

ಆ 5 ಮೈಕ್ರಾನ್ ತಪ್ಪು ಎಲ್ಲಿ ಆಗುತ್ತದೆ ಎಂದು ಹತ್ತಿರದಿಂದ ನೋಡೋಣ. ಮೈಕ್ರೊಸ್ಕೋಪಿನಲ್ಲಿ ಮೃದು ಲೋಹದ ಗೀರು ಮೂರು ಪಟ್ಟೆಯಾಗಿ ಕಾಣುತ್ತದೆ. ನಡುವೆ ಹೊಳೆಯುವ ಸಾಲು. ಅದರ ಎರಡೂ ಕಡೆ ಎದ್ದ ಬದು, ಒಂದು ಕಡೆ ಬೆಳಕು, ಒಂದು ಕಡೆ ನೆರಳು. ಬದುವಿನ ಆಚೆ ಮೊದಲಿನ ಮೇಲ್ಮೈ. ಒಬ್ಬರು ಸಾಲಿನ ಒಳ ಅಂಚಿನಿಂದ ಅಳೆಯುತ್ತಾರೆ, ಇನ್ನೊಬ್ಬರು ಬದುವಿನ ತುದಿಯಿಂದ, ಮತ್ತೊಬ್ಬರು ಬದು ಮುಗಿಯುವ ಜಾಗದಿಂದ. ಮೂರೂ ಬೇರೆ ಸಂಖ್ಯೆ. ಬದುವಿನ ಒಳಗೋಡೆಗೂ ಮೊನೆ ತಾಗಿರುತ್ತದೆ, ಆದ್ದರಿಂದ ನಾನು ಒಂದು ಬದುವಿನ ತುದಿಯಿಂದ ಇನ್ನೊಂದು ಬದುವಿನ ತುದಿಗೆ ಅಳೆಯುತ್ತೇನೆ. ನೀವು ಯಾವುದೇ ಆರಿಸಿ, ಆದರೆ ಇಡೀ ಸರಣಿಗೆ ಅದೇ ಇರಲಿ, ವರದಿಯಲ್ಲೂ ಬರೆಯಿರಿ. ಬೆಳಕನ್ನು ಗೀರಿಗೆ ಅಡ್ಡಲಾಗಿ ಓರೆಯಾಗಿ ಬಿಟ್ಟರೆ ಅಂಚು ಸ್ಪಷ್ಟವಾಗುತ್ತದೆ.

ಪ್ಲಾಸ್ಟಿಕ್‌ಗೆ ಅದೇ ಸೂತ್ರ ಯಾಕೆ ಸಾಲದು?

ಪ್ಲಾಸ್ಟಿಕ್ ಮೊನೆಯ ಹಿಂದೆ ಮತ್ತೆ ಏಳುತ್ತದೆ, ಹಿಂದಿನ ಅರ್ಧಕ್ಕೂ ತಾಗಿ ಒಂದಿಷ್ಟು ಭಾರ ಹೊರುತ್ತದೆ. ಹಾಗಾಗಿ ಸೂತ್ರದ 8ರ ಜಾಗದಲ್ಲಿ 4ರಿಂದ 8ರ ನಡುವಿನ ಯಾವುದೋ ಸಂಖ್ಯೆ ಬರಬೇಕು. ಪೂರ್ತಿ ಪುಟಿಯುವ ವಸ್ತುವಿಗೆ 4, ಸ್ವಲ್ಪವೂ ಪುಟಿಯದ ವಸ್ತುವಿಗೆ 8. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. 5 ನ್ಯೂಟನ್ ಭಾರ, 200 ಮೈಕ್ರಾನ್ ಅಗಲಕ್ಕೆ 8 ಹಾಕಿದರೆ 318 ಮೆಗಾಪಾಸ್ಕಲ್, 4 ಹಾಕಿದರೆ 159. ಒಂದೇ ಗೀರು, ಎರಡು ಪಟ್ಟು ಅಂತರ. ಪ್ಲಾಸ್ಟಿಕ್ ಮತ್ತು ಲೋಹದ ಗಡಸುತನವನ್ನು ಒಂದೇ ಪಟ್ಟಿಯಲ್ಲಿ ಪಕ್ಕ ಪಕ್ಕ ಬರೆದಿದ್ದರೆ ಈ ಸಂಖ್ಯೆ ಯಾವುದು ಹಾಕಿದ್ದಾರೆ ಎಂದು ಕೇಳಲೇಬೇಕು.

ಪ್ಲಾಸ್ಟಿಕ್‌ಗೆ ನಾನು ಹೆಚ್ಚು ನಂಬುವುದು ಮೂರು ಬಾರಿಯ ಓಟವನ್ನು. ಮೊದಲು ತೀರಾ ಕಡಿಮೆ ಭಾರದಲ್ಲಿ ಮೊನೆಯನ್ನು ದಾರಿಯುದ್ದಕ್ಕೂ ಓಡಿಸಿ. ಗುರುತು ಬೀಳಬಾರದು, ಮೇಲ್ಮೈಯ ಏರಿಳಿತ ಮಾತ್ರ ದಾಖಲಾಗಬೇಕು. ಎರಡನೆಯದು ನಿಜವಾದ ಗೀರು. ಮೂರನೆಯದು ಮತ್ತೆ ಕಡಿಮೆ ಭಾರದಲ್ಲಿ, ಉಳಿದ ಆಳ ಓದುವುದಕ್ಕೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಗೀರುವಾಗಿನ ಆಳ. ಮೂರನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿದ ಆಳ. ಗೀರುವಾಗ 40 ಮೈಕ್ರಾನ್, ಆಮೇಲೆ 12 ಉಳಿದಿದ್ದರೆ 28 ಮೈಕ್ರಾನ್, ಅಂದರೆ 70%, ವಾಪಸ್ ಬಂದಿದೆ.

ಮೂರನೆಯ ಓಟ ಎಷ್ಟು ಹೊತ್ತಿನ ಮೇಲೆ ಮಾಡಿದಿರಿ ಎಂಬುದನ್ನು ಗಡಿಯಾರ ನೋಡಿ ಬರೆಯಿರಿ. 1 ನಿಮಿಷ, 1 ಗಂಟೆ, 24 ಗಂಟೆ ಹೀಗೆ ಮೂರು ಸಲ ಅಳೆದರೆ ಆ ಪ್ಲಾಸ್ಟಿಕ್ ಹೇಗೆ ಚೇತರಿಸಿಕೊಳ್ಳುತ್ತದೆ ಎಂಬ ಚಿತ್ರವೇ ಸಿಗುತ್ತದೆ. ಸಮಯ ಬರೆಯದ ಪ್ಲಾಸ್ಟಿಕ್ ಗೀರಿನ ಆಳ ನನಗೆ ಅರ್ಧ ಮಾಹಿತಿ.

ಗೀರಿನ ಗೋಡೆ ಮತ್ತು ತಳ ಓದುವುದು

ಲೋಹದಲ್ಲಿ ಸಾಲಿನಿಂದ ಹೊರಬಂದ ವಸ್ತು ಪೂರ್ತಿ ಬದುವಿನಲ್ಲೇ ಇದ್ದರೆ ಅದು ಉಳುಮೆ. ಸುರುಳಿಯಾಗಿಯೋ ಚೂರಾಗಿಯೋ ಹೊರಬಿದ್ದರೆ ಅದು ಕತ್ತರಿಸುವಿಕೆ. ಇದನ್ನು ಅಳೆಯಲೂಬಹುದು. ಗೀರಿನ ಅಡ್ಡ ಸೀಳಿನ ನಕ್ಷೆ ತೆಗೆದು, ಸಾಲಿನ ವಿಸ್ತೀರ್ಣದಿಂದ ಎರಡು ಬದುಗಳ ವಿಸ್ತೀರ್ಣ ಕಳೆದು, ಸಾಲಿನ ವಿಸ್ತೀರ್ಣದಿಂದಲೇ ಭಾಗಿಸಿ. ಸೊನ್ನೆ ಬಂದರೆ ಬರೀ ಉಳುಮೆ. 1 ಬಂದರೆ ಬರೀ ಕತ್ತರಿಸುವಿಕೆ. ಸವೆತದ ಬಗ್ಗೆ ತಿಳಿಯಬೇಕಿದ್ದರೆ ಗಡಸುತನಕ್ಕಿಂತ ಈ ಸಂಖ್ಯೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬದುವಿನ ಎತ್ತರ ಇನ್ನೊಂದು ಸಂಗತಿ ಹೇಳುತ್ತದೆ. ಹದ ಮಾಡಿದ ಮೃದು ತಾಮ್ರದಲ್ಲಿ ಒತ್ತಿದ ಜಾಗ ಗಟ್ಟಿಯಾಗಿ ವಿಕೃತಿ ದೂರದವರೆಗೆ ಹರಡುತ್ತದೆ, ಬದು ತಗ್ಗಾಗಿರುತ್ತದೆ. ಮೊದಲೇ ಬಡಿದು ಗಟ್ಟಿ ಮಾಡಿದ ತಾಮ್ರದಲ್ಲಿ ಇನ್ನು ಗಟ್ಟಿಯಾಗಲು ಜಾಗ ಇಲ್ಲ, ಲೋಹ ಸಾಲಿನ ಪಕ್ಕದಲ್ಲೇ ಎತ್ತರಕ್ಕೆ ಏಳುತ್ತದೆ.

ಪ್ಲಾಸ್ಟಿಕ್‌ನಲ್ಲಿ ಬಿರುಕಿನ ಆಕಾರ ನೋಡಿ. ಮೊನೆಯ ಮುಂದೆ ವಸ್ತು ಒತ್ತಿಕೊಳ್ಳುತ್ತದೆ, ಹಿಂದೆ ಎಳೆಯಲ್ಪಡುತ್ತದೆ. ಅಕ್ರಿಲಿಕ್‌ನಂಥ ಪೆಡಸು ಪ್ಲಾಸ್ಟಿಕ್ ಆ ಎಳೆತಕ್ಕೆ ಸೀಳಿ, ಸಾಲಿನುದ್ದಕ್ಕೂ ಕಮಾನು ಕಮಾನಾಗಿ ಬಿರುಕು ಬಿಡುತ್ತದೆ. ಪಾಲಿಪ್ರೊಪಿಲೀನ್‌ನಂಥದ್ದು ಮೊದಲು ಬೆಳ್ಳಗಾಗಿ, ಆಮೇಲೆ ಮೀನಿನ ಹುರುಪೆಯಂತೆ ಒಂದೇ ಅಂತರದ ಗುರುತು ಬಿಡುತ್ತದೆ. ಮೊನೆ ಅಂಟಿ ಜಾರಿ, ಅಂಟಿ ಜಾರಿ ಹೋದ ಗುರುತು ಅದು. ಎಳೆಯುವ ಬಲದ ನಕ್ಷೆಯಲ್ಲೂ ಅದೇ ಅಂತರದಲ್ಲಿ ಹಲ್ಲುಗಳು ಕಾಣಬೇಕು. ಕಂಡರೆ ಎರಡೂ ಒಂದೇ ಮಾತು ಹೇಳುತ್ತಿವೆ ಎಂದು ಧೈರ್ಯವಾಗಿ ಬರೆಯಬಹುದು. ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್‌ನಲ್ಲಿ ಹಲ್ಲುಗಳು ಅಂತರವಿಲ್ಲದೆ ಎಲ್ಲೆಂದರಲ್ಲಿ ಬರುತ್ತವೆ, ಮೊನೆ ನಾರಿಗೆ ತಾಗಿದ ಕಡೆಯೆಲ್ಲ.

ಎಳೆಯುವ ಬಲದಿಂದ ಸಿಗುವುದು

ಎಳೆಯುವ ಬಲವನ್ನು ಭಾರದಿಂದ ಭಾಗಿಸಿದರೆ ಘರ್ಷಣಾಂಕ. ಇದರಲ್ಲಿ ಎರಡು ಪಾಲು ಇದೆ: ಉಳುವುದಕ್ಕೆ ಬೇಕಾದದ್ದು, ಅಂಟಿಕೊಳ್ಳುವುದರಿಂದ ಬರುವುದು. ಮೇಲಿನ 100 ಮೈಕ್ರಾನ್ ಗೀರಿಗೆ ಉಳುಮೆಯ ಪಾಲು ಲೆಕ್ಕದಲ್ಲಿ ಸುಮಾರು 0.1 ಬರುತ್ತದೆ. ಯಂತ್ರ 0.25 ತೋರಿಸಿದರೆ ಉಳಿದದ್ದು ಮುಖ್ಯವಾಗಿ ಅಂಟಿನ ಪಾಲು.

2011ರಲ್ಲಿ ಸಂಶೋಧಕರಾದ ಆಕೋನೊ ಮತ್ತು ಉಲ್ಮ್ ಅವರ ತಂಡ ಎಳೆಯುವ ಬಲದಿಂದಲೇ ಬಿರುಕಿಗೆ ತಡೆಯುವ ಗುಣವನ್ನು ಲೆಕ್ಕ ಹಾಕುವ ದಾರಿ ತೋರಿಸಿತು. ಶಂಕುವಿನ ಭಾಗ ಕೆಲಸ ಮಾಡುವಷ್ಟು ಆಳ ಇದ್ದಾಗ, ಬಲವನ್ನು ಆಳದ ಒಂದೂವರೆ ಘಾತದಿಂದ ಭಾಗಿಸಿದರೆ ಸಂಖ್ಯೆ ಒಂದು ಮಟ್ಟಕ್ಕೆ ಬಂದು ನಿಲ್ಲಬೇಕು. ನಿಂತರೆ ಬಳಸಿ. ನಿಲ್ಲದೆ ಬದಲಾಗುತ್ತಲೇ ಇದ್ದರೆ ವಸ್ತು ಇನ್ನೂ ಒಡೆಯುತ್ತಿಲ್ಲ, ಮುದ್ದೆಯಂತೆ ಬರೀ ಪಕ್ಕಕ್ಕೆ ಸರಿಯುತ್ತಿದೆ. ಮೆತ್ತನೆ ಲೋಹದಲ್ಲಿ ನಾನು ಇದನ್ನು ಬಹಳ ಎಚ್ಚರಿಕೆಯಿಂದ ನೋಡುತ್ತೇನೆ.

ವೇಗ ಮರೆಯಬೇಡಿ

ವೇಗವನ್ನು ಗೀರಿನ ಅಗಲದಿಂದ ಭಾಗಿಸಿದರೆ ವಿಕೃತಿಯ ದರದ ಅಂದಾಜು ಸಿಗುತ್ತದೆ. ಸೆಕೆಂಡಿಗೆ 1 ಮಿಲಿಮೀಟರ್, 100 ಮೈಕ್ರಾನ್ ಅಗಲ: ಸೆಕೆಂಡಿಗೆ 10. ತುಂಡಿನ ಎರಡು ತುದಿ ಹಿಡಿದು ಎಳೆಯುವ ಸಾಮಾನ್ಯ ಎಳೆತದ ಪರೀಕ್ಷೆ ಸೆಕೆಂಡಿಗೆ 0.001ರ ಆಸುಪಾಸಿನಲ್ಲಿ ನಡೆಯುತ್ತದೆ. ಅಂದರೆ ಗೀರು ಹತ್ತು ಸಾವಿರ ಪಟ್ಟು ವೇಗ. ಎಳೆತದ ಪರೀಕ್ಷೆಯ ಬಲಕ್ಕೂ ಗೀರಿನ ಗಡಸುತನಕ್ಕೂ ತಾಳೆಯಾಗದಿದ್ದರೆ, ಮುಖ್ಯವಾಗಿ ಪ್ಲಾಸ್ಟಿಕ್‌ನಲ್ಲಿ, ಸುಮ್ನೆ ಯಂತ್ರವನ್ನು ದೂರುವ ಮೊದಲು ಈ ಅಂತರ ನೆನಪಿಸಿಕೊಳ್ಳಿ. ಎರಡು ಮೂರು ವೇಗದಲ್ಲಿ ಗೀರು ಎಳೆದು ನೋಡಿದರೆ ವಸ್ತುವಿಗೆ ವೇಗ ಎಷ್ಟು ತಟ್ಟುತ್ತದೆ ಎಂದು ಗೊತ್ತಾಗುತ್ತದೆ.

ವರದಿಯಲ್ಲಿ ಏನು ಬರೆಯಬೇಕು?

ಮೊನೆಯ ಆಕಾರ ಮತ್ತು ತ್ರಿಜ್ಯ, ಭಾರ ಅಥವಾ ಭಾರ ಏರಿದ ದರ, ವೇಗ, ಉದ್ದ, ಗೀರುಗಳ ಸಂಖ್ಯೆ, ದಿಕ್ಕು, ಕೋಣೆಯ ಉಷ್ಣತೆ ಮತ್ತು ತೇವಾಂಶ, ಮೇಲ್ಮೈ ತಯಾರಿ, ಅಗಲ ಎಲ್ಲಿಂದ ಎಲ್ಲಿಗೆ ಅಳೆದಿರಿ ಎಂಬುದು. ಪ್ಲಾಸ್ಟಿಕ್ ಆದರೆ ಅಳೆದ ಸಮಯ ಮತ್ತು ಸೂತ್ರದಲ್ಲಿ ಹಾಕಿದ ಸಂಖ್ಯೆ. ಸರಾಸರಿಯ ಜೊತೆ ಹರಡಿಕೆಯನ್ನೂ ಕೊಡಿ. ಪ್ರತಿ ಗೀರಿನ ಪೂರ್ತಿ ಉದ್ದದ ಫೋಟೊ ಸೇರಿಸಿ, ಅದರ ಮೇಲೆ ಅಳತೆಗೋಲು ಇರಲಿ. ಗೀರಿದ ತುಂಡುಗಳನ್ನು ಎಸೆಯಬೇಡಿ. ದಿನಾಂಕ ಬರೆದು, ಮೇಲ್ಮೈಗೆ ಏನೂ ತಾಗದ ಹಾಗೆ ಡಬ್ಬಿಯಲ್ಲಿಡಿ. ತಿಂಗಳ ನಂತರ ಪ್ಲಾಸ್ಟಿಕ್ ತುಂಡುಗಳನ್ನು ಹೊರತೆಗೆದು ಅದೇ ಮೂರು ಜಾಗದಲ್ಲಿ ಇನ್ನೊಮ್ಮೆ ಆಳ ಅಳೆದು, ಹಳೆಯ ಸಂಖ್ಯೆಯ ಪಕ್ಕದಲ್ಲಿ ಬರೆಯಿರಿ.